ಡಬ್ಬಿಯೋ, ಶಾಲೆ ಊಟವೋ? ಆಟಿಸಂ ಇರುವ, ಗೋಧಿ ಆಗದ ಮಗುವಿಗೆ

ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಈಗ ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತದೆ. ಬೆಳಗಿನ ಗಡಿಬಿಡಿ ತಪ್ಪುತ್ತದೆ, ಪಕ್ಕದವರು ತಿನ್ನುವುದನ್ನು ನೋಡಿ ಮಗು ಹೊಸದನ್ನು ಮುಟ್ಟಿ ನೋಡಲೂಬಹುದು. ಆದರೆ ಗೋಧಿ ಆಗದ ಮಗುವಾದರೆ ಹುಷಾರು. ಚಪಾತಿ, ಉಪ್ಪಿಟ್ಟು ಬೇಡ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸಾಂಬಾರಿನ ಇಂಗು ಯಾರಿಗೂ ಹೊಳೆಯುವುದಿಲ್ಲ. ಅಂಗಡಿಯ ಪುಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಡುಗೆಯವರನ್ನೇ ಕೇಳಿ, ಡಬ್ಬದ ಮೇಲೆ ಬರೆದಿದ್ದನ್ನು ಓದಿ. ಜೊತೆಗೆ ಊಟದ ಕೋಣೆಯ ಗದ್ದಲ, ಹತ್ತು ಥರದ ವಾಸನೆ ಬೇರೆ, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದನ್ನು ತಡೆದುಕೊಳ್ಳುವುದೇ ಕಷ್ಟ.

ಮನೆ ಡಬ್ಬಿಯಲ್ಲಿ ರುಚಿ, ಆಕಾರ, ಜಾಗ ಎಲ್ಲ ದಿನಾ ಒಂದೇ ಥರ. ಎಷ್ಟೋ ಮಕ್ಕಳಿಗೆ ಅದೇ ದೊಡ್ಡ ಧೈರ್ಯ. ಮೊಸರನ್ನಕ್ಕೆ ಪಲ್ಯ ತಾಗಿದರೆ ಇಡೀ ಡಬ್ಬಿಯೇ ವಾಪಸ್ ಬರುತ್ತದೆ ಅಲ್ವಾ, ಹಾಗಾಗಿ ಖಾನೆಗಳಿರುವುದನ್ನೇ ಕೊಳ್ಳಿ. ಬಿಸಿ ಇಡ್ಲಿ ಮುಚ್ಚಿಟ್ಟರೆ ಬೆವರಿ ಅಂಟಂಟಾಗುತ್ತದೆ, ಆರಿಸಿ ಹಾಕಿ. ಕಷ್ಟ ಏನೆಂದರೆ, ತಿನ್ನುವ ಪದಾರ್ಥ ನಾಲ್ಕೈದಕ್ಕೇ ನಿಂತುಬಿಡಬಹುದು.

ನನ್ನನ್ನು ಕೇಳಿದರೆ ಡಬ್ಬಿಯೇ ಸರಿ. ಶಾಲೆ ಊಟದಲ್ಲಿ ಬಾಳೆಹಣ್ಣೋ ಬರೀ ಅನ್ನವೋ ಇದ್ದರೆ ಪಕ್ಕದಲ್ಲಿಡಲು ಟೀಚರಿಗೆ ಹೇಳಿ, ಒತ್ತಾಯ ಮಾತ್ರ ಬೇಡ. ಹೊರಗಿನ ಡಬ್ಬಿ ತರುವಂತಿಲ್ಲ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ ಅಂತ ನೆನಪಿಸಿ, ಡಾಕ್ಟರ ಪತ್ರ ಕೊಡಿ.