ಅಂಡಾಶಯದ ಸಿಸ್ಟ್: ಈಗಲೇ ಶಸ್ತ್ರಚಿಕಿತ್ಸೆಯೇ, ಇನ್ನೊಂದು ಸ್ಕ್ಯಾನೇ?

ಮಂಡ್ಯದಲ್ಲಿರುವ ನನ್ನ ತಂಗಿಗೆ 31 ವರ್ಷ. ಸ್ಕ್ಯಾನ್ ವರದಿಯಲ್ಲಿ ‘ಸಿಂಪಲ್ ಸಿಸ್ಟ್, 4.2 ಸೆಂ.ಮೀ.’ ಎಂದಿತ್ತು. ಮುಂದಿನ ವಾರವೇ ಶಸ್ತ್ರಚಿಕಿತ್ಸೆ ಎಂದಿದ್ದರು. ವರದಿ ಹಿಡಿದ ಅವಳ ಕೈ ನಡುಗುತ್ತಿತ್ತು.

ಮುಟ್ಟು ಇನ್ನೂ ನಿಲ್ಲದ ವಯಸ್ಸಿನಲ್ಲಿ, ಬರೀ ನೀರು ತುಂಬಿದ (‘ಸಿಂಪಲ್’), 5 ಸೆಂ.ಮೀ.ಗಿಂತ ಚಿಕ್ಕ ಗುಳ್ಳೆ (ಸಿಸ್ಟ್) ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾನೇ ಕರಗುತ್ತದೆ. ಅಂಥವರಿಗೆ ಕಾಯುವುದೇ ಮೇಲೆಂದು ನನ್ನ ಅಭಿಪ್ರಾಯ: 6ರಿಂದ 12 ವಾರ ಬಿಟ್ಟು, ಮುಟ್ಟು ಮುಗಿದೊಡನೆ ಯೋನಿಮಾರ್ಗದ ಸ್ಕ್ಯಾನ್, ಚಿತ್ರ ಸ್ಪಷ್ಟವಿಲ್ಲದಿದ್ದರೆ ಎಂಆರ್‌ಐ. ಅಂಡಾಶಯದ ಕ್ಯಾನ್ಸರ್‌ನ ಸುಳಿವಿಗೆಂದು ಮಾಡುವ ಸಿಎ-125 ರಕ್ತಪರೀಕ್ಷೆ ಸಾಮಾನ್ಯ ಮಿತಿಯಾದ 35 ದಾಟಿತೆಂದು ಕಂಗೆಡಬೇಡಿ. ಮುಟ್ಟಿನ ದಿನಗಳಲ್ಲಿಯೂ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ಕಾಯಿಲೆ) ಇದ್ದಾಗಲೂ ಅದು ಏರುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಗುಳ್ಳೆಯೊಡನೆ ಅಂಡಾಶಯದ ಒಳ್ಳೆಯ ಭಾಗವೂ ಸ್ವಲ್ಪ ಹೋಗಬಹುದು. ಮಕ್ಕಳು ಬೇಕೆನ್ನುವವರು ಇದನ್ನು ಕೇಳಿಯೇ ಸಹಿ ಹಾಕಬೇಕು. ಆದರೆ ಡರ್ಮಾಯ್ಡ್ (ಕೊಬ್ಬು, ಕೂದಲು ತುಂಬಿದ ಗುಳ್ಳೆ) ತಾನಾಗಿ ಕರಗದು. ಗುಳ್ಳೆಯೊಳಗೆ ಘನಭಾಗ ಕಂಡರೆ, ಇಲ್ಲವೇ ಮುಟ್ಟು ಪೂರ್ತಿ ನಿಂತ ವಯಸ್ಸಿನಲ್ಲಿ ಗುಳ್ಳೆ ಬೆಳೆಯುತ್ತಿದ್ದರೆ ತಡ ಮಾಡಬೇಡಿ. ಹೊಟ್ಟೆಯ ಒಂದು ಬದಿಯಲ್ಲಿ ಹಠಾತ್ತನೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಎರಡನೇ ಅಭಿಪ್ರಾಯಕ್ಕೆ ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನಲ್ಲಿ ಚೆಲುವಾಂಬ ಸರ್ಕಾರಿ ಆಸ್ಪತ್ರೆ ಇವೆ. ಹಳೆಯ ಸ್ಕ್ಯಾನ್ ಫಿಲ್ಮ್‌ಗಳನ್ನು ಮರೆಯದೆ ಕೊಂಡೊಯ್ಯಿರಿ. ಹತ್ತನೇ ವಾರದ ಸ್ಕ್ಯಾನ್‌ನಲ್ಲಿ ತಂಗಿಯ ಗುಳ್ಳೆ ಇರಲಿಲ್ಲ.