ಕತ್ತರಿಸಿ ಕೊಟ್ಟ ಹಾಳೆಯಲ್ಲಿ ಕೆಂಪು ಗೆರೆ ಇರಲಿಲ್ಲ

ಇದನ್ನು ಅಪ್ಪನನ್ನು ಕೇಳಿಯೇ ಬರೀತಿದ್ದೀನಿ. "ಬರಿ, ಹೆಸರು ಮಾತ್ರ ಹಾಕ್ಬೇಡ" ಅಂದರು.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಫೆಬ್ರವರಿಯಲ್ಲಿ ಮೆಣಸು ಕುಯ್ಯೋಕೆ ಜನ ಸಿಗಲಿಲ್ಲ ಅಂತ 63 ವರ್ಷದ ಅಪ್ಪ ತಾವೇ ಬಿದಿರೇಣಿ ಹತ್ತಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಸೊಂಟ ಹಿಡ್ಕೊಂಡಿತ್ತು. ಟ್ರಾಮಡಾಲ್ ಮತ್ತು ಪ್ಯಾರಸಿಟಮಾಲ್ ಎರಡೂ ಇರುವ ಮಾತ್ರೆಯನ್ನು ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರು, ದಿನಕ್ಕೆ ಎರಡು. ಅವರ ಮೇಲೆ ನನಗೆ ದೂರಿಲ್ಲ.

ಆ ಐದು ದಿನ ಜೂನ್‌ವರೆಗೂ ನಡೀತು. ಸಂತೆಗೆ ಹೋದಾಗಲೆಲ್ಲ ಅಪ್ಪ ಮೆಡಿಕಲ್‌ನಲ್ಲಿ ಮಾತ್ರೆಯ ಹಳೇ ಹಾಳೆ ತೋರಿಸೋದು, ಅವರು ಕತ್ತರಿಯಿಂದ ಬೇಕಾದಷ್ಟು ಕತ್ತರಿಸಿ ಕೊಡೋದು. ಡಾಕ್ಟರ ಚೀಟಿ ಎಲ್ಲಿ ಅಂತ ಒಂದು ದಿನವೂ ಕೇಳಿಲ್ಲ. ಪೂರ್ತಿ ಹಾಳೆಯ ಬದಿಯಲ್ಲಿ, ಚೀಟಿ ಇಲ್ಲದೆ ತಗೋಬಾರದು ಅನ್ನೋ ಕೆಂಪು ಗೆರೆ, ಎಚ್ಚರಿಕೆ ಎಲ್ಲ ಇರುತ್ತೆ. ಅಪ್ಪನ ಜೇಬಿನಲ್ಲಿ ಸಿಕ್ಕ ತುಂಡುಗಳಲ್ಲಿ ಹೆಸರು ಕೂಡ ಅರ್ಧ ಇತ್ತು.

ದಿನಕ್ಕೆ ಎರಡು ಇದ್ದಿದ್ದು ಆರಾಯಿತು. ಜೊತೆಗೆ ರಾತ್ರಿ ಚಳಿಗೆ ಅಂತ ಎರಡು ಪೆಗ್. (ನಮ್ಮ ಕಡೆ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯೋಲ್ಲ.) ಹೊಟ್ಟೆ ಕಟ್ಟಿ ನಾಲ್ಕು ದಿನಕ್ಕೊಮ್ಮೆ ಹೊರಗೆ ಹೋಗೋದು, ಪೇಪರ್ ಓದ್ತಾ ಕೂತಲ್ಲೇ ತೂಕಡಿಸೋದು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಗೊರಕೆ ನಡುವೆ ಉಸಿರು ನಿಂತೇ ಹೋಗುತ್ತೆ ಅಂತ ಅಮ್ಮ ಎರಡು ಸಲ ಹೇಳಿದ್ದಳು. ವಯಸ್ಸಾಯ್ತಲ್ಲ ಅಂತ ನಾನು ತಳ್ಳಿಹಾಕಿದೆ.

ಮುಂದಿನ ತಪ್ಪು ಪೂರ್ತಿ ನನ್ನದು. ವಿಷಯ ಗೊತ್ತಾದ ದಿನ ಸಿಟ್ಟಿನಲ್ಲಿ ಮಾತ್ರೆಯೆಲ್ಲ ತೆಗೆದು ಒಲೆಗೆ ಹಾಕಿದೆ. ಮಾರನೇ ದಿನ ಸಂಜೆಯಿಂದ ಅಪ್ಪನಿಗೆ ಬೆವರು, ಮೂಗು ಸೋರೋದು, ಭೇದಿ. ಮೈಯೆಲ್ಲ ಮುಳ್ಳೆದ್ದಿತ್ತು. ಹೊರಗೆ ಮಳೆ ಹಿಡಿದಿತ್ತು, ಮಳೆಗಾಲದ ಜ್ವರ ಅಂದುಕೊಂಡು ಅಮ್ಮ ಕರಿಮೆಣಸಿನ ಕಷಾಯ ಕಾಸಿದಳು. ಮೂರನೇ ರಾತ್ರಿ ಅವರು ಕಾಲು ಒದ್ದಾಡಿಸುತ್ತಾ, "ಒಂದೇ ಒಂದು ಕೊಡಪ್ಪ" ಅಂತ ನನ್ನ ಮುಂದೆ ಅತ್ತರು. ಅಪ್ಪ ಅತ್ತಿದ್ದನ್ನು ಅಜ್ಜಿ ಸತ್ತಾಗಲೂ ನಾನು ನೋಡಿರಲಿಲ್ಲ.

ಬೆಳಗಾಗುತ್ತಲೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿನ ಡಾಕ್ಟರು ಮೊದಲು ಬೈದಿದ್ದು ನನಗೆ. ಟ್ರಾಮಡಾಲ್ ಬರೀ ನೋವಿನ ಮಾತ್ರೆ ಅಲ್ಲ, ಅಫೀಮಿನ ಜಾತಿಯದು. ತಿಂಗಳುಗಟ್ಟಲೆ ತಿಂದವರಿಗೆ ಒಮ್ಮೆಲೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೆಂಡದ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ದಿನಕ್ಕೆ 400 ಮಿಲಿಗ್ರಾಂ ಮೀರಿದರೆ ಫಿಟ್ಸ್ ಬರುವ ಅಪಾಯ ಹೆಚ್ಚು, ಕೆಲವರಿಗೆ ಅದಕ್ಕಿಂತ ಕಡಿಮೆಯಲ್ಲೂ ಬರುತ್ತೆ. ಖಿನ್ನತೆಗೆ ಮಾತ್ರೆ ತಗೊಳ್ಳೋರು ಅದನ್ನು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಲೇಬಾರದು, ಎರಡೂ ಸೇರಿ ಮೆದುಳಿನಲ್ಲಿರೋ ಸೆರೊಟೋನಿನ್ ಅನ್ನೋ ರಾಸಾಯನಿಕ ವಿಪರೀತ ಏರಿ ಜೀವಕ್ಕೇ ಬರಬಹುದು.

2018ರಿಂದ ಟ್ರಾಮಡಾಲ್ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬರುತ್ತೆ, ಅಂದರೆ ಗಾಂಜಾ, ಅಫೀಮಿಗೆ ಇರುವ ಅದೇ ಕಾಯ್ದೆ. ಚೀಟಿ ಇಲ್ಲದೆ ಮಾರೋ ಹಾಗೇ ಇಲ್ಲ. ಹಾಗಿದ್ದೂ ನಮ್ಮಪ್ಪ ಬಾಳೆಹಣ್ಣು ತಂದ ಹಾಗೆ ತಂದರು. ಟಪೆಂಟಡಾಲ್ ಅಂತ ಇನ್ನೊಂದಿದೆ, ಅದೂ ಇದೇ ಕುಲದ್ದು. ಮನೆಯಲ್ಲಿ ಹಿರಿಯರ ಜೇಬಲ್ಲಿ, ದಿಂಬಿನ ಕೆಳಗೆ ಕತ್ತರಿಸಿದ ತುಂಡು ಸಿಕ್ಕರೆ ಹೆಸರು ನೋಡಿ. ಆದರೆ ನನ್ನ ಹಾಗೆ ಒಲೆಗೆ ಹಾಕಬೇಡಿ, ಡಾಕ್ಟರ ಹತ್ತಿರ ತಗೊಂಡು ಹೋಗಿ. ಚಟ ಬಿಡಿಸೋ ಸರ್ಕಾರಿ ಸಹಾಯವಾಣಿ 14446, ದುಡ್ಡು ಬೀಳೋಲ್ಲ.

ಈಗ ಅಪ್ಪ ದಿನಕ್ಕೆ ಒಂದಕ್ಕೆ ಇಳಿದಿದ್ದಾರೆ. ಮಾತ್ರೆ ಡಬ್ಬಿ ಅಮ್ಮನ ಬೀರುವಿನಲ್ಲಿದೆ, ಬೀಗದ ಕೈ ನನ್ನ ಹತ್ತಿರ. ಮೊನ್ನೆ ನಮ್ಮ ಮೇಸ್ತ್ರಿ ಬಂದು ಜಗಲಿಯಲ್ಲಿ ನಿಂತು ತಲೆ ಕೆರ್ಕೊಂಡ. "ಸಾವ್ಕಾರ್ರು ಏಣಿ ಹತ್ತೋರಿಗೆ ಕೊಡ್ತಿದ್ರಲ್ಲ ಆ ನೋವಿನ ಮಾತ್ರೆ, ಉಳಿದಿದ್ರೆ ನಾಲ್ಕು ಕೊಡ್ತೀರಾ? ಲೈನ್ ಮನೇಲಿ ಕೂಲಿಯೋರು ಎರಡು ಜನ ಮೂರು ದಿನದಿಂದ ಮಲಗಿಲ್ಲ."