ಪಿ5 ಎಡಿಟರ್‌ನಾಗ ನಮ್ಮ ಕಿಲ್ಲಾದ ತೋಪು ಹಾರಿಸಿದ್ದು

ಮೊದ್ಲ ಹೇಳ್ತೀನ್ರಿ, ನಾ ಪ್ರೋಗ್ರಾಮರ್ ಅಲ್ಲ, ಕಲಬುರಗಿ ಗಂಜ್‌ನಾಗ ತೊಗರಿ ಅಡತಿ ಅಂಗಡ್ಯಾಗ ಲೆಕ್ಕ ಬರಿಯೋನು. ಸೀಜನ್ ಮುಗದ್ಮ್ಯಾಲ ರಾತ್ರಿ ಟೈಮ್ ಸಿಗ್ತದ, ಆವಾಗ ಸಣ್ಣ ಸಣ್ಣ ಗೇಮ್ ಮಾಡೋ ಹುಚ್ಚು. ಮೊದ್ಲ ಒಂದು ದೊಡ್ಡ ಗೇಮ್ ಎಂಜಿನ್ ಹಾಕ್ಕೊಂಡಿದ್ದೆ, ನನ್ನ 4 ಜಿಬಿ ಲ್ಯಾಪ್‌ಟಾಪ್ ಫ್ಯಾನ್ ದಾಲ್ ಮಿಲ್ ಆದಂಗ ಸಪ್ಪಳ ಮಾಡ್ತು, ತೆಗದು ಒಗದೆ.

ಆಮ್ಯಾಲ ಸಿಕ್ಕಿದ್ದು ಪಿ5.ಜೆಎಸ್, ಬ್ರೌಸರ್‌ನಾಗ ಕೋಡ್ ಬರದು ಚಿತ್ರ, ಆಟ ಮಾಡೋ ಜಾವಾಸ್ಕ್ರಿಪ್ಟ್ ಲೈಬ್ರರಿ. ಲಾರೆನ್ ಮೆಕಾರ್ತಿ ಅನ್ನೋ ಕಲಾವಿದೆ 2013ರಾಗ ಶುರು ಮಾಡಿದ್ದು, ಪೂರ್ತಿ ಫ್ರೀ. ಇದರ ವೆಬ್ ಎಡಿಟರ್ ಬ್ರೌಸರ್‌ನಾಗೇ ತೆರೀತದ, ಏನೂ ಇನ್‌ಸ್ಟಾಲ್ ಮಾಡೋದಿಲ್ಲ, ಎಡಕ್ಕ ಕೋಡ್ ಬಲಕ್ಕ ಚಿತ್ರ ಅಷ್ಟ. ಸೆಟಪ್ ಅನ್ನೋ ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು) ಒಂದ್ಸಲ ಓಡ್ತದ, ಡ್ರಾ ಅನ್ನೋದು ಸೆಕೆಂಡಿಗೆ ಸುಮಾರು 60 ಸಲ. ಇಷ್ಟು ತಲ್ಯಾಗ ಕೂತ್ರ ಅರ್ಧ ಕೆಲಸ ಆದಂಗ. ತಪ್ಪು ಬರದ್ರ ಕೆಳಗ ಕನ್ಸೋಲ್‌ನಾಗ ಒಂದು ಹೂವಿನ ಚಿತ್ರ ಹಾಕಿ ಎಲ್ಲಿ ತಪ್ಪದ ಅಂತ ಹೇಳ್ತದ, ಬೈಯಂಗಿಲ್ಲ.

ನಾ ಮಾಡಿದ್ದು ನಮ್ಮ ಕಿಲ್ಲಾದಾಗಿನ ಬಾರಾ ಗಜ್ ತೋಪಿನ ಗೇಮ್. ಖರೇ ತೋಪು 29 ಫೂಟ್ ಉದ್ದ, ನಂದು 80 ಪಿಕ್ಸೆಲ್. ಗುಂಡಿನ ಬದ್ಲಿ ಖಡಕ್ ರೊಟ್ಟಿ ಹಾರ್ತದ, ಆಚೀಚೆ ಸರಿಯೋ ತಾಟಿನ್ಯಾಗ ಬಿತ್ತಂದ್ರ ಪಾಯಿಂಟ್, ನೆಲಕ್ಕ ಬಿತ್ತಂದ್ರ ಚೂರು ಚೂರು. ಪ್ರತಿ ಫ್ರೇಮಿಗೆ, ಅಂದ್ರ ಡ್ರಾ ಒಂದೊಂದ್ಸಲ ಓಡಿದಾಗ, ರೊಟ್ಟಿ ಕೆಳಗಿಳಿಯೋ ಸ್ಪೀಡಿಗೆ 0.2 ಕೂಡಿಸಿದ್ರ ಸಾಕು, ಎಸದ ಕಲ್ಲಿನಂಗ ಬಾಗಿ ಬರ್ತದ. ಇದ ಸಾಲು ಬರದ ರಾತ್ರಿ ನಿದ್ದಿ ಬರಲಿಲ್ಲ ನೋಡ್ರಿ.

ಆದ್ರ ಎಡಿಟರ್‌ನಾಗ ಲಾಗಿನ್ ಆಗ್ದೆ ಕೂಡಬ್ಯಾಡ್ರಿ, ಕೋಡ್ ಸೇವ್ ಆಗಂಗಿಲ್ಲ. ಮೊದಲ್ನೇ ದಿನ ನಾ ಹಂಗ ಕೂತಿದ್ದೆ, ಕರೆಂಟ್ ಹೋತು, ಲ್ಯಾಪ್‌ಟಾಪ್ ಬ್ಯಾಟರಿ ಮೊದ್ಲ ಸತ್ತದ, ಎರಡು ತಾಸಿನ ಕೆಲಸ ನೀರಾಗ ಹೋಮ. ಫೋನಿನ್ಯಾಗ ಆಡ್ಲಾಕ ಛಲೋ ಅದ, ಕೋಡ್ ಬರಿಲಾಕ ಮಾತ್ರ ಬ್ಯಾಡ. ಬೆರಳು ತಾಕಿದಾಗ ಓಡೋ ಟಚ್ ಫಂಕ್ಷನ್ ಕೊನಿಗೆ ರಿಟರ್ನ್ ಫಾಲ್ಸ್ ಅನ್ನೋ ಸಾಲು ಹಾಕ್ಲಿಲ್ಲಂದ್ರ ಗುರಿ ಹಿಡಿಯೋ ಹೊತ್ತಿಗೆ ಪೇಜೇ ಸರದು ಹೋಗ್ತದ. ಸ್ಕೋರು ಸೇವ್ ಮಾಡ್ಬೋದು, ಆದ್ರ ಅದು ಆ ಫೋನಿನ ಬ್ರೌಸರ್‌ನಾಗೇ ಉಳೀತದ, ಎಲ್ಲಾರ ಸ್ಕೋರು ಒಂದ ಕಡಿ ಬೇಕಂದ್ರ ಸರ್ವರ್ ಬೇಕು, ಆ ತಾಪತ್ರಯ ನಂಗ ಬ್ಯಾಡ. ಪಿ5 ವೆಬ್‌ಸೈಟ್ ಹಿಂದಿ ಭಾಷಾದಾಗ ಸಿಗ್ತದ, ಕನ್ನಡದಾಗ ಇಲ್ಲ.

ಶೇರ್ ಲಿಂಕ್ ಮನಿ ಮಂದಿಗೆಲ್ಲ ವಾಟ್ಸಾಪ್ ಮಾಡ್ದೆ. ಎರಡು ದಿನಕ್ಕ ನಮ್ಮವ್ವನ ಸ್ಕೋರು ಎಲ್ಲಾರ್ಕಿಂತ ಮ್ಯಾಲ. ಅಕ್ಕನ ಮಗ "ಮಾಮಾ, ಆಯಿ ಚೀಟಿಂಗ್ ಮಾಡ್ಲಾಕತ್ಯಾಳ" ಅಂತ ಜಗಳ. ನೋಡಿದ್ರ ತಪ್ಪು ನಂದೇ, ಅಕಿ ಹಳೇ ಫೋನಿನ್ಯಾಗ ಡ್ರಾ 60 ಸಲ ಓಡಂಗಿಲ್ಲ, ಹಂಗಾಗಿ ತಾಟು ಸಾವಕಾಶ ಸರೀತದ, ಆರಾಮ್ ಗುರಿ ಹಿಡಿತಾಳ. ಡೆಲ್ಟಾ ಟೈಮ್ ಅಂತ ಒಂದು ಅದ, ಹಿಂದಿನ ಫ್ರೇಮಿಂದ ಎಷ್ಟು ಮಿಲಿಸೆಕೆಂಡ್ ಆತು ಅಂತ ಹೇಳ್ತದ, ಸ್ಪೀಡನ್ನ ಅದಕ್ಕ ಗುಣಿಸಿದ್ರ ಎಲ್ಲಾ ಫೋನ್‌ನಾಗೂ ಒಂದೇ ವೇಗ. ಹಂಗ ಮಾಡ್ದೆ.

ನನ್ನ ರೇಟಿಂಗ್ 5ಕ್ಕ 4. ಅವ್ವಂದು ಈಗ 1, "ಛಲೋ ಇದ್ದ ಆಟ ಕೆಡಿಸಿಟ್ಟಿ" ಅಂತಾಳ. ಎಡಿಟರ್‌ನಾಗ ಡೂಪ್ಲಿಕೇಟ್ ಮಾಡೋ ಸೌಲಭ್ಯ ಅದಲ್ಲ, ಹಳೇ ಕೋಡ್ ಇನ್ನೊಂದು ಕಾಪಿ ಮಾಡಿ ಅಕಿಗೆ ಬ್ಯಾರೆ ಲಿಂಕ್ ಕಳ್ಸೀನಿ, ಹುಡುಗಗ ಹೇಳಿಲ್ಲ.